ಗಿರ್ಮಿಟ್ಟಿಲ್ಲದ ಕಥೆ

ಸಿಡ್ನಿಯಲ್ಲಿ ಮೂರು ವರ್ಷ ನಾನೊಬ್ಬ ಒಳ್ಳೆಯ ಕಥೆಗಾರನಾಗಿದ್ದೆ. ನನ್ನ ಬಾಯಿಂದ ನಾನೇ ಹೇಳಿಕೊಂಡದ್ದಲ್ಲ. ಹ್ಯಾರಿಸ್ ಪಾರ್ಕ್ ಬಡಾವಣೆಯ ಮಿಠಾಯಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ತಿಂಗಳ ಎರಡನೇ ಭಾನುವಾರ ಸೇರುತ್ತಿದ್ದ ಹನ್ನೆರಡು ಜನ ಕನ್ನಡಿಗರು ಒಮ್ಮತದಿಂದ ಹೇಳುತ್ತಿದ್ದದ್ದು. ನಮ್ಮ ಓದು ಬಳಗದಲ್ಲಿ ಒಬ್ಬರು ತಾವು ಬರೆದ ಕಥೆ ಓದಬೇಕು, ಉಳಿದವರು ಕೇಳಬೇಕು, ಆಮೇಲೆ ಅಭಿಪ್ರಾಯ ಹೇಳಬೇಕು. ಇದರ ಜೊತೆಗೆ ಎಲ್ಲೂ ಬರೆದಿಡದ ಇನ್ನೊಂದು ಕಾನೂನಿತ್ತು. ಯಾರ ಕಥೆಯೋ ಆ ದಿನದ ತಿಂಡಿಯೂ ಅವರದೇ.

ಹನ್ನೆರಡು ಜನರಲ್ಲಿ ಬರೆಯುವವರು ನಾವು ಮೂವರೇ. ನನ್ನ ಸರದಿ ಬಂದಾಗ ಹೆಂಡತಿ ಗಿರ್ಮಿಟ್ಟು ಮಾಡಿಕೊಡುತ್ತಿದ್ದಳು. ಇಬ್ಬರೂ ಹುಬ್ಬಳ್ಳಿಯವರು. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆಹಣ್ಣು, ಬೆಲ್ಲದ ಒಗ್ಗರಣೆ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಬೇರೆ ಡಬ್ಬಿಯಲ್ಲಿ ಬಿಸಿ ಮಿರ್ಚಿ ಬಜ್ಜಿ ಇಟ್ಟು ಕಳಿಸುತ್ತಿದ್ದಳು. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ನಾನು ಕಥೆಯ ಎರಡನೇ ಪುಟ ತಿರುವುವ ಹೊತ್ತಿಗೆ ವಾಸನೆ ಕೋಣೆ ತುಂಬುತ್ತಿತ್ತು. ತಲೆಯೆತ್ತಿ ನೋಡಿದರೆ ಎಲ್ಲರ ಮುಖದಲ್ಲೂ ಒಂದು ಬಗೆಯ ತುಡಿತ. ಕಥೆ ಒಳಗೆ ಇಳಿಯುತ್ತಿದೆ ಅಂದುಕೊಳ್ಳುತ್ತಿದ್ದೆ. ಮುಗಿದ ಕೂಡಲೇ ಅಭಿಪ್ರಾಯಗಳು ಒಂದರ ಹಿಂದೊಂದು ಬರುತ್ತಿದ್ದವು. "ಮನಸ್ಸಿಗೆ ತಟ್ಟಿಬಿಡ್ತು ಸರ್." "ಊರಿಗೇ ಕರ್ಕೊಂಡು ಹೋಗ್ಬಿಟ್ರಿ." "ಏನ್ ಹೇಳೋದು, ಮಾತೇ ಬರ್ತಿಲ್ಲ." ಮಾತು ಬರದವರು ಆಗಲೇ ತಟ್ಟೆ ಹಿಡಿದು ನಿಂತಿರುತ್ತಿದ್ದರು.

ಬಳಗದ ಹಿರಿಯರನ್ನು ಎಲ್ಲರೂ ಅಂಕಲ್ ಎನ್ನುತ್ತಿದ್ದೆವು. ಅಭಿಪ್ರಾಯ ಮೊದಲು ಹೇಳುವ ಹಕ್ಕು ಅವರದು. ಉಡುಪಿ ಕಡೆಯವರು, ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ಇಪ್ಪತ್ತೈದು ವರ್ಷ ಇಲ್ಲೇ ಇಂಜಿನಿಯರಾಗಿ ದುಡಿದು ನಿವೃತ್ತರಾದವರು. ನನ್ನ ಮಟ್ಟಿಗೆ ಅವರು ಬರೀ ಬಳಗದ ಹಿರಿಯರಲ್ಲ. ನಾನು, ಹೆಂಡತಿ, ನಾಲ್ಕು ಸೂಟ್‌ಕೇಸು, ಒಬ್ಬಳು ಅಳುವ ಮಗಳು ಸಿಡ್ನಿಯಲ್ಲಿ ಬಂದಿಳಿದಾಗ ವಿಮಾನ ನಿಲ್ದಾಣಕ್ಕೆ ಕಾರು ತಂದವರು ಅವರು. ಸಂಬಂಧ ಕೇಳಿದರೆ ನಗು ಬರುತ್ತದೆ. ನನ್ನ ಭಾವಮೈದುನನ ಸಹೋದ್ಯೋಗಿಗೆ ಅವರ ಪರಿಚಯ. ಅಷ್ಟರ ಮೇಲೆ ಆರು ವಾರ ಅವರ ಮನೆಯಲ್ಲಿ ಉಂಡು ಮಲಗಿದೆವು. ಆಮೇಲೂ ದೀಪಾವಳಿಗೆ, ಮಗಳ ಹುಟ್ಟುಹಬ್ಬಕ್ಕೆ, ನನಗೆ ಸುಮ್ಮನೆ ಎದೆ ಹೊಡೆದುಕೊಂಡಾಗ, ಎಲ್ಲದಕ್ಕೂ ಹೋಗುತ್ತಿದ್ದದ್ದು ಆ ಮನೆಗೇ. ಈ ದೇಶದಲ್ಲಿ ಫೋನ್ ಮಾಡದೆ ಹೋಗಿ ಬಾಗಿಲು ಬಡಿಯಬಹುದಾಗಿದ್ದ ಒಂದೇ ಮನೆ.

ಎರಡು ಸಾವಿರದ ಐದರ ಸುಮಾರಿಗೆ ನನ್ನ ಕೆಲಸ ಮೆಲ್ಬರ್ನ್‌ಗೆ ಬದಲಾಯಿತು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ ನೋಡುವ ಕೆಲಸ. ಎಲ್ಲ ಸರಿಯಿದೆ ಎಂದು ವರದಿ ಬರೆದ ಮೇಲೂ ಇನ್ನೊಮ್ಮೆ ನೋಡುವ ಚಾಳಿ ನನಗಿರುವುದರಿಂದ ಅಲ್ಲಿ ನನ್ನನ್ನು ಬಹಳ ಮೆಚ್ಚುತ್ತಾರೆ. ಮಗಳ ಶಾಲೆ ಕೆಡಬಾರದೆಂದು ಹೆಂಡತಿ ಮಗಳು ಸಿಡ್ನಿಯಲ್ಲೇ ಉಳಿದರು. ನಾನು ಮೆಲ್ಬರ್ನಿನ ಕ್ಲೇಟನ್ ಬಡಾವಣೆಯಲ್ಲಿ ನಾಲ್ಕು ವಿದ್ಯಾರ್ಥಿಗಳಿದ್ದ ಮನೆಯಲ್ಲಿ ಒಂದು ರೂಮು ಹಿಡಿದೆ. ಆ ಮನೆಯಲ್ಲಿ ಎರಡು ಬಾರಿ ಗ್ಯಾಸ್ ನೋಡಿ ಮಲಗುತ್ತಿದ್ದವನು ನಾನೊಬ್ಬನೇ.

ಒಂದು ಎರಡನೇ ಭಾನುವಾರ ಬೆಳಗಿನ ವಿಮಾನಕ್ಕೆ ಹೋಗಿ ಬಳಗದಲ್ಲಿ ಕಥೆ ಓದಿದೆ. ಹೆಂಡತಿಗೆ ಅವತ್ತು ಜ್ವರ. ನಾನು ವಿಮಾನ ನಿಲ್ದಾಣದಲ್ಲಿ ಎರಡು ಪೊಟ್ಟಣ ಬಿಸ್ಕತ್ತು ಕೊಂಡಿದ್ದೆ. ನನ್ನ ಪ್ರಕಾರ ಅದು ನನ್ನ ಅತ್ಯುತ್ತಮ ಕಥೆ. ಓದಿ ಮುಗಿಸಿದೆ. ಅಂಕಲ್ "ಒಳ್ಳೆದುಂಟು" ಎಂದರು. ಉಳಿದವರು ಬಿಸ್ಕತ್ತಿನ ಕಡೆ ನೋಡಿದರು. ಒಬ್ಬರು "ಪರವಾಗಿಲ್ಲ" ಎಂದರು. ಮೂರು ವರ್ಷದಲ್ಲಿ ಆ ಕೋಣೆಯಲ್ಲಿ ಪರವಾಗಿಲ್ಲ ಎಂಬ ಮಾತು ಯಾರ ಕಥೆಗೂ ಬಿದ್ದಿರಲಿಲ್ಲ. ಇನ್ನೊಬ್ಬರು ಮೆಲ್ಲಗೆ ನನ್ನ ಬಳಿ ಬಂದು, "ಮೇಡಂಗೆ ಹುಷಾರಿಲ್ವಾ ಸರ್? ಮುಂದಿನ ಸಲ ಅವ್ರು ಹುಷಾರಾಗ್ಲಿ. ನಿಮ್ಮ ಕಥೆ ಅಂದ್ರೆ ನಾವು ಬೆಳಿಗ್ಗೆ ತಿಂಡೀನೇ ತಿಂದು ಬರಲ್ಲ" ಎಂದರು.

ವಾಪಸು ವಿಮಾನದಲ್ಲಿ ಲೆಕ್ಕ ಹಾಕಿದೆ. ನನ್ನ ಹದಿಮೂರು ಕಥೆಗಳಲ್ಲಿ ಯಾವ ಪಾತ್ರದ ಹೆಸರೂ ಯಾರಿಗೂ ನೆನಪಿರಲಿಲ್ಲ. ಮಿರ್ಚಿಯ ಖಾರ ಯಾವ ತಿಂಗಳು ಹೆಚ್ಚಾಗಿತ್ತು ಎಂಬುದು ಎಲ್ಲರಿಗೂ ನೆನಪಿತ್ತು.

ಸರಿ, ಕಲಿಯಲೇಬೇಕು ಎಂದು ನಿರ್ಧರಿಸಿದೆ. ಕ್ಲೇಟನ್ ಹತ್ತಿರದ ಒಂದು ಸಭಾಭವನದಲ್ಲಿ ಮಂಗಳವಾರ ಸಂಜೆ ಕಥೆ ಬರೆಯುವ ತರಗತಿ ನಡೆಯುತ್ತಿತ್ತು, ಇಂಗ್ಲಿಷಿನಲ್ಲಿ. ನಲವತ್ತಾರರ ವಯಸ್ಸಿನಲ್ಲಿ ಚೀಲದಲ್ಲಿ ನೋಟ್‌ಬುಕ್ ಹಾಕಿಕೊಂಡು ಹೋದೆ, ಒಂದು ಪೆನ್ ಕೈಕೊಟ್ಟರೆ ಇರಲಿ ಎಂದು ಮೂರು ಪೆನ್. ಕಲಿಸುವಾಕೆ ಅರವತ್ತು ದಾಟಿದ ಹೆಂಗಸು, ಹಿಂದೆ ನರ್ಸ್ ಆಗಿದ್ದವಳು. ಸೂಜಿ ಚುಚ್ಚುವಾಗ ನೋಯುವುದಿಲ್ಲ ಎಂದು ಸುಳ್ಳು ಹೇಳುವ ಜಾತಿಯ ನರ್ಸ್ ಅಲ್ಲ. ಅಲ್ಲಿ ತಿಂಡಿಯಿಲ್ಲ, ನೀರಿನ ಲೋಟ ಮಾತ್ರ. ಇನ್ನೊಂದು ನಿಯಮವೂ ಇತ್ತು. ನಿಮ್ಮ ಕಥೆಯ ಬಗ್ಗೆ ಉಳಿದವರು ಮಾತಾಡುವಾಗ ನೀವು ಬಾಯಿ ತೆರೆಯುವಂತಿಲ್ಲ.

ಬಳಗದಲ್ಲಿ ಎಲ್ಲರ ಕಣ್ಣಲ್ಲೂ ನೀರು ತರಿಸಿದ್ದ ಕಥೆಯೊಂದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಹೋಗಿದ್ದೆ. ಪರದೇಶದಲ್ಲಿ ಒಂಟಿಯಾದ ಒಬ್ಬ ಮನುಷ್ಯ ಬಾಲ್ಕನಿಯಲ್ಲಿ ನಿಂತು ಚಂದ್ರನನ್ನು ನೋಡುತ್ತಾನೆ. ಮೂರು ಪುಟ ನೋಡುತ್ತಾನೆ. ಕೊನೆಗೆ ಅಳುತ್ತಾನೆ. ಎಲ್ಲರೂ ಕೇಳಿದರು. ಆಕೆ, "ಬಾಲ್ಕನಿಗೆ ಬರುವ ಮುಂಚೆ ಈತ ಏನು ತಿಂದ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವಂತಿಲ್ಲವಲ್ಲ. ಮೂರು ವರ್ಷದಿಂದ ನಾನು ಆ ಮನುಷ್ಯನನ್ನು ಉಪವಾಸ ನಿಲ್ಲಿಸಿದ್ದೆ.

"ಅಡುಗೆ ಯಾರು ಮಾಡಿದ್ದು? ಪಾತ್ರೆ ತೊಳೆದನಾ, ಹಾಗೇ ಬಿಟ್ಟನಾ?" ಆಕೆ ಬಿಡಲಿಲ್ಲ. ಆಮೇಲೆ ತರಗತಿ ಮುಗಿದು ಕುರ್ಚಿ ಜೋಡಿಸುವಾಗ ನನ್ನ ಹತ್ತಿರ ಬಂದು, "ನೀವು ಯಾರಿಗೂ ಬೇಸರವಾಗದ ಹಾಗೆ ಬರೆಯುತ್ತೀರಿ. ಯಾರಾದರೂ ಓದಿಬಿಟ್ಟಾರು ಎಂದು ನಿಮಗೆ ಹೆದರಿಕೆ ಹುಟ್ಟಿಸುವಂಥದ್ದು ಏನಿದೆಯೋ ಅದನ್ನು ತನ್ನಿ" ಎಂದಳು.

ಹೆದರಿಕೆಯ ಪಟ್ಟಿ ಕೇಳಿದರೆ ನನ್ನಲ್ಲಿ ಕೊರತೆಯೇ? ಆ ವಾರ ಕೂತು ಅಂಕಲ್ ಮನೆಯ ಆರು ವಾರ ಬರೆದೆ.

ಆ ಮನೆಯಲ್ಲಿ ಬಿಸಿನೀರಿನ ಟ್ಯಾಂಕು ಚಿಕ್ಕದು. ಬಾತ್‌ರೂಮಿನ ಕಿಟಕಿಯ ಮೇಲೆ ಟೊಮೇಟೊ ಆಕಾರದ ಒಂದು ಅಡುಗೆಮನೆ ಟೈಮರ್ ಇಟ್ಟಿದ್ದರು. ತಿರುಗಿಸಿ ಒಳಗೆ ಹೋಗಬೇಕು, ನಾಲ್ಕು ನಿಮಿಷಕ್ಕೆ ಗಂಟೆ ಹೊಡೆಯುತ್ತಿತ್ತು. ಮೈತುಂಬ ಸೋಪು ಹಚ್ಚಿಕೊಂಡು ನಿಂತ ಮನುಷ್ಯನ ಮೇಲೆ ಒಂದು ಪ್ಲಾಸ್ಟಿಕ್ ತರಕಾರಿ ಯಜಮಾನಿಕೆ ಮಾಡುವುದನ್ನು ನೀವು ಊಹಿಸಿಕೊಳ್ಳಿ. ಪ್ರತಿ ಸಂಜೆ ಊಟಕ್ಕೆ ಕೂತಾಗ ಅಂಕಲ್ "ಇವತ್ತು ಎಷ್ಟು ಅರ್ಜಿ ಹಾಕಿದ್ದು?" ಎಂದು ಕೇಳುವರು. ಎಲ್ಲಕ್ಕಿಂತ ನೋವಾದದ್ದು ಭಾನುವಾರಗಳು. ಮನೆಗೆ ಯಾರೇ ಬರಲಿ, ನಾನು ನಮಸ್ಕಾರ ಎಂದು ಕೈಜೋಡಿಸುವ ಮೊದಲೇ ಅವರು, "ಪಾಪ, ಇವನಿಗಿನ್ನೂ ಕೆಲಸ ಸಿಕ್ಕಿಲ್ಲ" ಎಂದು ಪರಿಚಯಿಸುವರು. ಹೆಸರು ಆಮೇಲೆ. ಕೆಲವು ಸಲ ಹೆಸರು ಹೇಳುವುದೇ ಮರೆಯುತ್ತಿತ್ತು.

ಮಂಗಳವಾರದ ತರಗತಿಯಲ್ಲಿ ಇದನ್ನು ಓದಿದಾಗ ಟೊಮೇಟೊ ಜಾಗಕ್ಕೆ ಜನ ನಕ್ಕರು, ಭಾನುವಾರದ ಜಾಗಕ್ಕೆ ನಗು ನಿಂತಿತು. ಆಕೆ, "ಇದು ಕಥೆ" ಎಂದಳು. ಬಸ್ಸಿನಲ್ಲಿ ರೂಮಿಗೆ ಬರುವಾಗ ನನಗೆ ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಅದನ್ನೇ ಕನ್ನಡದಲ್ಲಿ ಮತ್ತೆ ಬರೆದೆ. ಇನ್ನೂ ಚೆನ್ನಾಗಿ ಬಂತು. ಚೆನ್ನಾಗಿ ಬಂದ ಮೇಲೆ ಬಳಗದಲ್ಲಿ ಓದದೆ ಇರುವುದು ಹೇಗೆ? ಓದಿದರೆ ಎದುರಿಗೆ ಕೂತು ಮೊದಲ ಅಭಿಪ್ರಾಯ ಹೇಳಬೇಕಾದವರು ಅಂಕಲ್ಲೇ.

ಹೆಂಡತಿಗೆ ಫೋನಿನಲ್ಲಿ ಇಡೀ ಕಥೆ ಓದಿ ಹೇಳಿದೆ.

"ಹೆಂಗೈತಿ?" ಎಂದೆ.

"ನಿಮಗ ತಲಿ ಕೆಟ್ಟೈತೇನ್ರಿ? ಆರು ವಾರ ಅವರ ಮನ್ಯಾಗ ಉಂಡೀವಿ."

"ಉಂಡಿಲ್ಲ ಅಂತ ಎಲ್ಲಿ ಬರದೀನಿ?"

"ಓದ್ರಿ, ಓದ್ರಿ. ಓದಿ ಆ ಮನಿ ಬಾಗಲಾ ಮುಚ್ಚಿಸಿಕೊಂಡು ಬರ್ರಿ. ನಾಳೆ ನಿಮಗ ಎದಿ ಹೊಡ್ಕೊಂಡ್ರ ನಿಮ್ಮ ಆ ಕ್ಲಾಸಿನ ಟೀಚರ್ ಬಾಯಾರ ಮನಿಗೆ ಹೋಗ್ರಿ."

"ಕಲೆ ಅಂದ್ರ ಸತ್ಯ ಹೇಳೂದು..."

"ಅದೆಲ್ಲ ನನಗ ಹೇಳಬ್ಯಾಡ್ರಿ. ಈ ಕಥಿಗೆ ನಾ ಗಿರ್ಮಿಟ್ ಮಾಡಂಗಿಲ್ಲ."

ಒಂದು ತಿಂಗಳು ಒದ್ದಾಡಿದೆ. ಉಡುಪಿಯವರನ್ನು ಮೈಸೂರಿನವರನ್ನಾಗಿ ಮಾಡಿದೆ. ಮೀಸೆ ಅಂಟಿಸಿದೆ. ಟೊಮೇಟೊ ಬದಲು ಗೋಡೆ ಗಡಿಯಾರ ತಂದೆ, ಕಥೆಯ ನಗು ಸತ್ತಿತು. "ಪಾಪ, ಇವನಿಗಿನ್ನೂ ಕೆಲಸ ಸಿಕ್ಕಿಲ್ಲ" ಎಂಬುದನ್ನು "ಇವರು ಹೊಸಬರು" ಎಂದು ತಿದ್ದಿದೆ, ಕಥೆಯೇ ಸತ್ತಿತು. ಒಂದೊಂದಾಗಿ ಎಲ್ಲವನ್ನೂ ಮೊದಲಿನ ಹಾಗೇ ಮಾಡಿದೆ. ಕೊನೆಗೆ ಉಳಿದ ವೇಷ ಆ ಮೀಸೆಯೊಂದೇ. ಆ ಭಾನುವಾರ ಚೀಲದಲ್ಲಿ ಎರಡು ಕಥೆ ಇಟ್ಟುಕೊಂಡೆ. ಒಂದು ಇದು, ಇನ್ನೊಂದು ಧೈರ್ಯ ಸಾಲದಿದ್ದರೆ ಓದಲಿಕ್ಕೆ ಚಂದ್ರನ ಕಥೆ. ತಿಂಡಿ ತೆಗೆದುಕೊಳ್ಳಲಿಲ್ಲ. ನನ್ನ ಕಥೆ ಈ ಸಲ ಎಣ್ಣೆಯ ಸಹಾಯವಿಲ್ಲದೆ ನಿಲ್ಲಲಿ ಎಂಬ ಹಟ. ಹೆಂಡತಿ ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು.

ಕೋಣೆಗೆ ಹೋಗಿ ನೋಡುತ್ತೇನೆ, ಮೇಜಿನ ಮೇಲೆ ಒಂದು ದೊಡ್ಡ ಸ್ಟೀಲಿನ ಡಬ್ಬಿ. ಪಕ್ಕದಲ್ಲಿ ಚಟ್ನಿ. ಆಂಟಿ, ಅಂದರೆ ಅಂಕಲ್ ಹೆಂಡತಿ, ಪೇಪರ್ ಪ್ಲೇಟು ಎಣಿಸುತ್ತಿದ್ದರು.

"ನಿನ್ನ ಹೆಂಡ್ತಿಗೆ ಫೋನ್ ಮಾಡಿದ್ದೆ. ಈ ಸಲ ತಿಂಡಿ ಇಲ್ಲ ಆಂಟಿ ಅಂತ ಹೇಳಿದ್ಲು. ಪಾಪ, ನೀನು ಅಲ್ಲಿಂದ ಒಬ್ಬನೇ ಬರುವವ, ಎಂತ ಮಾಡ್ಲಿಕ್ಕಾಗ್ತದೆ? ನಾನೇ ಗೋಳಿಬಜೆ ಮಾಡಿ ತಂದೆ."

ಅಂಕಲ್ ಕುರ್ಚಿ ಎಳೆದು ಕೂತು ಎಲ್ಲರಿಗೂ ಹೇಳಿದರು, "ಇವತ್ತು ಕಥೆ ಇವನದ್ದು, ಬಜೆ ನಮ್ಮದು. ಶುರು ಮಾಡು ಮಾರಾಯ, ತಣಿದರೆ ರುಚಿ ಇಲ್ಲ."

ಚೀಲಕ್ಕೆ ಕೈ ಹಾಕಿದೆ. ಎರಡೂ ಕಥೆ ಬೆರಳಿಗೆ ಸಿಕ್ಕವು. ಚಂದ್ರನನ್ನು ಓದಿದರೆ ಗೋಳಿಬಜೆ ತಿಂದು ಮರ್ಯಾದೆಯಿಂದ ವಿಮಾನ ಹತ್ತಬಹುದಿತ್ತು. ಆ ಕ್ಷಣ ನನ್ನಲ್ಲಿ ಕಲೆಯ ಮೇಲಿನ ನಿಷ್ಠೆ ಉಕ್ಕಿತು ಎಂದು ಬರೆಯಲು ಆಸೆ. ನಿಜ ಏನೆಂದರೆ ಎರಡನೇ ಸಲ "ಪರವಾಗಿಲ್ಲ" ಅನ್ನಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಮೀಸೆಯವರ ಕಥೆ ತೆಗೆದೆ.

ಟೊಮೇಟೊ ಬಂದಾಗ ಯಾರೂ ನಗಲಿಲ್ಲ. ಅಲ್ಲಿದ್ದ ಹನ್ನೆರಡು ಜನರಲ್ಲಿ ಐದಾರು ಮಂದಿ ಅದೇ ಮನೆಯಲ್ಲಿ ತಂಗಿದ್ದವರೇ, ಅದೇ ಟೈಮರಿನ ಕೈಕೆಳಗೆ ಮಿಂದವರೇ. ಮೀಸೆ ಯಾರನ್ನೂ ಒಂದು ಸಾಲಿನಷ್ಟು ಹೊತ್ತೂ ಮೋಸಗೊಳಿಸಲಿಲ್ಲ. ನಾನು ತಲೆ ತಗ್ಗಿಸಿ ಕೊನೆಯವರೆಗೆ ಓದಿದೆ. ಐದನೆಯ ಭಾನುವಾರ ಬಂದ ಅತಿಥಿಯ ಮುಂದೆ "ಪಾಪ" ಎಂದು ಅನ್ನಿಸಿಕೊಂಡ ಹುಡುಗ, ಅಂದರೆ ಕಥೆಯೊಳಗಿನ ನಾನು, ಹಿತ್ತಲಿಗೆ ಹೋಗಿ ನಿಲ್ಲುವಲ್ಲಿಗೆ ಕಥೆ ಮುಗಿಯಿತು. ಎಲ್ಲರೂ ಅಂಕಲ್ ಕಡೆ ನೋಡುತ್ತಿದ್ದರು. ಅವರು ಹೇಳುವ ತನಕ ಉಳಿದವರು ಹೇಳುವಂತಿಲ್ಲವಲ್ಲ.

ಅಂಕಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬರೆದದ್ದು ಒಳ್ಳೆದುಂಟು. ಆ ಯಜಮಾನ ಉಂಟಲ್ಲ, ಅವನ ಪರಿಚಯ ನನಗೆ ಸ್ವಲ್ಪ ಉಂಟು. ಬಂದವರಿಗೆಲ್ಲ ಹಾಗೆ ಹೇಳ್ತಿದ್ದದ್ದು ಹೌದು. ನಂದೊಂದು ಪ್ರಶ್ನೆ. ಆ ಹುಡುಗನಿಗೆ ಕಡೆಗೆ ಕೆಲಸ ಹೇಗೆ ಸಿಕ್ಕಿತು?"

"ಅದಕ್ಕಿಂತ ಮೊದಲೇ ಕಥೆ ಮುಗಿಯುತ್ತೆ ಅಂಕಲ್."

"ಅದೇ ನಾನು ಕೇಳುವುದು. ಯಾಕೆ ಮೊದಲೇ ಮುಗೀತದೆ?"

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು, ಆ ಕೋಣೆಯಲ್ಲಿ ನನ್ನಿಂದ ಹೇಳಲಾಗಲಿಲ್ಲ. ಆರನೇ ಭಾನುವಾರ ಒಬ್ಬರು ಬಂದಿದ್ದರು. ಅಂಕಲ್ ಎಂದಿನಂತೆ "ಪಾಪ, ಇವನಿಗಿನ್ನೂ" ಎಂದು ಶುರು ಮಾಡಿದರು. ಆ ಮನುಷ್ಯನ ತಂಗಿ ಒಂದು ಲ್ಯಾಬಿನಲ್ಲಿದ್ದಳು. ಬುಧವಾರ ನನಗೆ ಫೋನ್ ಬಂತು. ಮುಂದಿನ ಸೋಮವಾರ ನಾನು ಬಿಳಿ ಕೋಟು ಹಾಕಿಕೊಂಡಿದ್ದೆ. ಅವರು ಸಂಕೋಚಪಟ್ಟು ನನ್ನ ಹೆಸರಷ್ಟೇ ಹೇಳಿ ಸುಮ್ಮನಿದ್ದಿದ್ದರೆ ನಾನು ಇನ್ನೆಷ್ಟು ವಾರ ಆ ಟೊಮೇಟೊ ಕೈಕೆಳಗೆ ಇರುತ್ತಿದ್ದೆನೋ. ಬರೆಯುವಾಗ ಇದು ಮರೆತಿತ್ತೇ? ಇಲ್ಲ. ಐದನೇ ವಾರಕ್ಕೆ ನಿಲ್ಲಿಸಿದರೆ ಮುಕ್ತಾಯ ಚೆನ್ನಾಗಿರುತ್ತದೆ ಎಂದು ನಾನೇ ಆರಿಸಿಕೊಂಡದ್ದು.

ಆಂಟಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ಅಲ್ಲಿಂದಲೇ ಹೇಳಿದರು, "ಮತ್ತೆ ಟೈಮರ್ ಇಟ್ಟದ್ದು ಇವರಲ್ಲ, ನಾನು. ನೀನು ಸ್ನಾನದ ಮಧ್ಯೆ ಅದನ್ನು ಪುನಃ ತಿರುಗಿಸಿ ಇಡ್ತಿದ್ದಿ ಅಲ್ವಾ? ಕರ್ರ್ ಅಂತ ಅಡುಗೆಮನೆಗೆ ಕೇಳ್ತಿತ್ತು. ಹತ್ತು ನಿಮಿಷ ಮೀಯುತ್ತಿದ್ದವ ನೀನು. ನಿನ್ನ ಹೆಂಡ್ತಿ ಪಾಪ ತಣ್ಣೀರಲ್ಲಿ ಮಿಂದದ್ದು. ಅದನ್ನು ಬರೀಲೇ ಇಲ್ಲ ನೀನು."

ಆಗ ಕೋಣೆ ಬಿದ್ದು ಬಿದ್ದು ನಕ್ಕಿತು. ಆ ದಿನ ನನ್ನ ಕಥೆಗೆ ಸಿಕ್ಕ ಒಂದೇ ನಗು, ಅದೂ ನಾನು ಬರೆಯದೆ ಬಿಟ್ಟ ಜಾಗಕ್ಕೆ.

ಅಂಕಲ್ ನಗಲಿಲ್ಲ. "ನನಗೆ ಇವತ್ತು ಸ್ವಲ್ಪ ಬೇಗ ಹೋಗ್ಲಿಕ್ಕುಂಟು" ಎಂದು ಎದ್ದರು. ಇಷ್ಟು ವರ್ಷದಲ್ಲಿ ಕೋಣೆಗೆ ಕೊನೆಗೆ ಬೀಗ ಹಾಕಿ ಹೋಗುತ್ತಿದ್ದವರು ಅವರು. ಬಜೆ ಮುಟ್ಟಲಿಲ್ಲ. ನಾನು ಒಂದು ತಿಂದೆ, ತಿನ್ನದಿದ್ದರೆ ಆಂಟಿಗೆ ಬೇಸರವಾದೀತೆಂದು.

ಆಮೇಲೆ ಫೋನ್ ಮಾಡಿದಾಗಲೆಲ್ಲ ಆಂಟಿಯೇ ಎತ್ತಿದರು. "ಅವರು ವಾಕಿಂಗ್ ಹೋಗಿದ್ದಾರೆ." ಬೆಳಿಗ್ಗೆಯೂ ವಾಕಿಂಗ್, ಮಧ್ಯಾಹ್ನವೂ ವಾಕಿಂಗ್. ಒಮ್ಮೆ ಹಿಂದೆ ಅವರ ಕೆಮ್ಮು ಕೇಳಿಸಿತು. ಹೆಂಡತಿ, "ಆತಲ್ಲ, ಆ ಬಾಗಲಾ ಮುಚ್ಚಿತು. ಕಥಿ ಮಾತ್ರ ಛಲೋ ಆತು, ಹೌದಿಲ್ಲೋ?" ಎಂದಳು. ಮಗಳು ಪಕ್ಕದಿಂದ ಇಂಗ್ಲಿಷಿನಲ್ಲಿ, ಅಪ್ಪ ಸಾರಿ ಕೇಳಿದರಾಯಿತಲ್ಲ, ಇಷ್ಟು ಯಾಕೆ ಯೋಚನೆ ಎಂದಳು. ಅವಳ ವಯಸ್ಸಿನಲ್ಲಿ ಎಲ್ಲದಕ್ಕೂ ಅದೊಂದೇ ಮದ್ದು.

ಸಾರಿ ಕೇಳುವ ಬದಲು ಕಥೆ ತಿದ್ದಿದೆ. ನನಗೆ ಬರುತ್ತಿದ್ದದ್ದು ಅಷ್ಟೇ, ಅದೂ ಅರ್ಧಂಬರ್ಧ. ಟೈಮರ್ ಮರಳಿ ತಿರುಗಿಸಿದ್ದನ್ನು ಹಾಕಿದೆ, ಹೆಂಡತಿಯ ತಣ್ಣೀರು ಹಾಕಿದೆ. ಆರನೇ ಭಾನುವಾರ ಹಾಕಿದೆ. ಮೀಸೆ ಬೋಳಿಸಿದೆ. ಮಂಗಳವಾರದ ತರಗತಿಯಲ್ಲಿ ಓದಿದಾಗ ಆಕೆ, "ಈಗ ಆ ಹುಡುಗನನ್ನು ಕಂಡರೆ ನನಗೆ ಅಷ್ಟೇನೂ ಇಷ್ಟವಿಲ್ಲ. ಆದರೆ ಈಗಷ್ಟೇ ನಂಬುತ್ತೇನೆ" ಎಂದಳು. ನನ್ನನ್ನೇ ಅಂದ ಹಾಗಿತ್ತು. ನಿಯಮದ ಪ್ರಕಾರ ಬಾಯಿ ಮುಚ್ಚಿಕೊಂಡು ಕೇಳಿದೆ.

ಅದನ್ನು ಅಂಚೆಯಲ್ಲಿ ಅಂಕಲ್‌ಗೆ ಕಳಿಸುವ ಮುಂಚೆ ನನ್ನ ಹೆದರಿಕೆ ಸುಮ್ಮನಿರಬೇಕಲ್ಲ. ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿದೆ. ಆ ಯಜಮಾನ ಆಲದ ಮರವಂತೆ, ಅವನ ನೆರಳಲ್ಲಿ ಎಷ್ಟೋ ಹಕ್ಕಿಗಳು ಗೂಡು ಕಟ್ಟಿದವಂತೆ, ಆ ಋಣ ಏಳು ಜನ್ಮಕ್ಕೂ ತೀರದಂತೆ. ತರಗತಿಯಲ್ಲಿ ಅದನ್ನು ಓದಿರಲಿಲ್ಲ. ಓದಿದ್ದರೆ ಆಕೆ ಮರದ ಎತ್ತರ ಎಷ್ಟು ಅಡಿ ಎಂದು ಕೇಳುತ್ತಿದ್ದಳು.

ಏಳು ವಾರ ಏನೂ ಬರಲಿಲ್ಲ. ವಿಳಾಸ ತಪ್ಪು ಬರೆದೆನೇ ಎಂದು ಶುರುವಾಗಿ, ಅವರಿಗೆ ಏನಾದರೂ ಆಯಿತೇ ಎಂಬಲ್ಲಿಗೆ ಬಂದು, ಬಳಗವೆಲ್ಲ ಸೇರಿ ನನ್ನನ್ನು ಬಿಟ್ಟಿದೆ ಎಂಬಲ್ಲಿಗೆ ಮುಟ್ಟಿದ್ದೆ. ಆಗ ಕ್ಲೇಟನ್ನಿನ ಟಪಾಲು ಪೆಟ್ಟಿಗೆಯಲ್ಲಿ ದಪ್ಪ ಕವರು. ಇಂಜಿನಿಯರ್ ಅಲ್ಲವೇ, ಪುಟಗಳಿಗೆಲ್ಲ ನಂಬರು ಹಾಕಿದ್ದರು. ಟೈಮರ್, ಅರ್ಜಿ, "ಪಾಪ, ಇವನಿಗಿನ್ನೂ", ಯಾವುದಕ್ಕೂ ಪೆನ್ ತಾಗಿರಲಿಲ್ಲ. ಕೊನೆಯ ಆಲದ ಮರದ ಮೇಲೆ ಮಾತ್ರ ಸ್ಕೇಲ್ ಇಟ್ಟು ಮೂಲೆಯಿಂದ ಮೂಲೆಗೆ ಎಳೆದ ಗೆರೆ. ಕೆಳಗೆ ಕೈಬರಹದಲ್ಲಿ:

"ಇದು ಬೇಡ. ಇಷ್ಟರ ತನಕ ಎಲ್ಲ ಕಡೆ ನಾನು ಇದ್ದೆ, ಇಲ್ಲಿ ಯಾರೋ ಬೇರೆಯವರು ಬಂದಿದ್ದಾರೆ. ಬರುವ ಭಾನುವಾರ ಸಂಸಾರ ಸಮೇತ ಊಟಕ್ಕೆ ಬಾ. ಕಥೆ ತರುವುದು ಬೇಡ."

ಹೋದೆವು. ಬಾಗಿಲು ತೆರೆದವರು ಅಂಕಲ್ಲೇ. ಮೊದಲು ಹೆಂಡತಿಯನ್ನು ಮಾತಾಡಿಸಿದರು, ಮಗಳ ತಲೆ ಸವರಿದರು, ನನಗೆ "ಚಪ್ಪಲಿ ಅಲ್ಲಿ ಬಿಡು" ಎಂದರು. ಊಟಕ್ಕೆ ಕೂತೆವು. ನಾನು ಏನನ್ನೂ ನೋಡಬಾರದೆಂದು ತಟ್ಟೆಯಲ್ಲೇ ಕಣ್ಣಿಟ್ಟೆ. ಆದರೂ ಕಂಡಿತು. ಅವರ ಬಲಗೈ ಸ್ವಲ್ಪ ನಡುಗುತ್ತಿತ್ತು, ಅನ್ನ ಕಲಸುವಾಗ ಸಾರು ತಟ್ಟೆಯಂಚು ದಾಟುತ್ತಿತ್ತು, ಅದು ಬಟ್ಟೆಗೆ ತಾಗುವ ಮೊದಲೇ ಆಂಟಿ ಮಾತು ನಿಲ್ಲಿಸದೆ ಒರೆಸುತ್ತಿದ್ದರು. ಹೊಸದಾಗಿ ಶುರುವಾದದ್ದಲ್ಲ, ಇಬ್ಬರಿಗೂ ಅಭ್ಯಾಸವಾಗಿತ್ತು. ನನ್ನ ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತಡವಾಗಿತ್ತು. ಅಂಕಲ್ ತಲೆಯೆತ್ತಿ ನನ್ನ ಕಣ್ಣು ಎಲ್ಲಿದೆ ಎಂದು ನೋಡಿಬಿಟ್ಟರು.

"ಎಂತ ಮಾರಾಯ, ಊಟ ಮಾಡು," ಎಂದರು. ಆಮೇಲೆ, "ಇದನ್ನೆಲ್ಲ ಬರೀಲಿಕ್ಕಿಲ್ಲ ಅಲ್ವಾ?"

"ಛೆ ಛೆ, ಇಲ್ಲ ಅಂಕಲ್," ಎಂದೆ.